ಕೊಬ್ಬರಿ ಅಟ್ಟ ಗುಡಿಸಿದ್ದು

ಬೇಸಿಗೆಯ ಮೊದಲ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಕ್ಯಾತ್ಸಂದ್ರದ ನಮ್ಮ ಬಡಾವಣೆಯ ಗಂಡಸರೆಲ್ಲ ಟೆರೇಸಿನ ಮೇಲೆ ಪ್ರತ್ಯಕ್ಷರಾಗುತ್ತಾರೆ. ವರ್ಷವಿಡೀ ಕುಡಿದ ಲೋಟ ಎತ್ತಿಡದವರು ಅವತ್ತು ಲುಂಗಿ ಎತ್ತಿ ಕಟ್ಟಿ, ಸೊಂಟದ ಮೇಲೆ ಕೈಯಿಟ್ಟು, ನೀರು ಹೋಗುವ ತೂತನ್ನು ದಿಟ್ಟಿಸುತ್ತಾ ನಿಲ್ಲುತ್ತಾರೆ. ತೂತಿಗೆ ಎಲೆ, ಕಸ, ಯಾರದೋ ಗಾಳಿಪಟದ ಬಾಲ ಸಿಕ್ಕಿಕೊಂಡಿರುತ್ತದೆ. ಬಗ್ಗಿ ಕೈ ಹಾಕಿದರೆ ಮುಗಿಯಿತು. ಆದರೆ ನಮ್ಮ ಕಡೆ ಕೆಲಸ ಹಂಚಿಹೋಗಿದೆ: ನೋಡುವುದು ಗಂಡಸರದು, ಬಗ್ಗುವುದು ಹೆಂಗಸರದು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರಂತೂ ಹೆಂಡತಿ ಟ್ಯಾಂಕಿನೊಳಗೆ ಇಳಿದು ಪಾಚಿ ಉಜ್ಜುತ್ತಿದ್ದರೆ ಮೇಲಿನಿಂದ ಟಾರ್ಚ್ ಬಿಟ್ಟು, "ಎಡಕ್ಕೆ, ಎಡಕ್ಕೆ" ಎಂದು ಪಾಠ ಮಾಡುತ್ತಾರೆ. ಆ "ಎಡಕ್ಕೆ"ಯನ್ನು ನಾನು ಮದುವೆ ಆರ್ಕೆಸ್ಟ್ರಾಗಳಲ್ಲಿ ಮಾಡಿ ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದೇನೆ. ನನ್ನ ಉದ್ಯೋಗ ಮಿಮಿಕ್ರಿ. ಅಂದರೆ ಊರಿನವರ ದನಿಯೆಲ್ಲ ಬರುತ್ತದೆ, ಸ್ವಂತದ್ದು ಮಾತ್ರ ಎಲ್ಲಿಟ್ಟಿದ್ದೇನೋ ನೆನಪಿಲ್ಲ.

ಮೂರ್ಖತನದಲ್ಲಿ ನಮ್ಮಪ್ಪ ಇವರೆಲ್ಲರಿಗಿಂತ ಒಂದು ಕೈ ಮೇಲು. ಅವರ ಊರು ಗುಬ್ಬಿ ತಾಲ್ಲೂಕಿನ ಹಾಗಲವಾಡಿ ಹತ್ತಿರ. ಅಲ್ಲಿ ತೆಂಗಿನ ತೋಟ, ಇಲ್ಲಿ ತುಮಕೂರಿನಲ್ಲಿ ಸರ್ಕಾರಿ ನೌಕರಿ. ಮನೆ ಕಟ್ಟಿಸುವಾಗ ಹಾಲ್, ಬೆಡ್‌ರೂಮು ಎಲ್ಲ ಇಂಜಿನಿಯರ್ ಹೇಳಿದಂತೆಯೇ ಆಗಲಿ, ಅಡುಗೆಮನೆಯ ಪಕ್ಕ ಮಾತ್ರ ಒಂದು ಅಟ್ಟ ಬೇಕೇ ಬೇಕು ಎಂದು ಹಟ ಹಿಡಿದರು. ಊರಿನಲ್ಲಿ ಸಿಪ್ಪೆಸಹಿತ ಕಾಯಿಗಳನ್ನು ಹೆಚ್ಚುಕಡಿಮೆ ವರ್ಷ ಅಟ್ಟದಲ್ಲಿ ಬಿಟ್ಟು, ಒಳಗಿನ ನೀರು ತಾನಾಗಿ ಆರಿ ಗಿಟಕು ಕೊಬ್ಬರಿಯಾಗುವವರೆಗೆ ಕಾಯುತ್ತಾರೆ. ಅದನ್ನೇ ಸಿಮೆಂಟ್ ಮನೆಯಲ್ಲೂ ಮಾಡಬೇಕು. ಯಾಕೆಂದರೆ ಗುಬ್ಬಿಯ ಯಾವ ಮದುವೆಮನೆಗೆ ಹೋದರೂ ಆರೋಗ್ಯ ಕೇಳುವ ಮೊದಲು, "ಅಟ್ಟದಾಗೆ ಎಷ್ಟೈತೆ?" ಎನ್ನುತ್ತಾರೆ. ಈ ಪ್ರಶ್ನೆಗೆ ಉತ್ತರವಿಲ್ಲದವನು ಆಫೀಸರ್ ಆಗಿದ್ದರೂ ಕೊನೆಯ ಪಂಕ್ತಿಯಲ್ಲೇ ಊಟಕ್ಕೆ ಕೂರಬೇಕು ಎಂಬುದು ಅಪ್ಪನ ನಂಬಿಕೆ.

ಅಟ್ಟಕ್ಕೆ ಹತ್ತುವ ಹಕ್ಕು ಅಪ್ಪನದು. ಅಲ್ಲಿಂದ ಉದುರುವ ನಾರು, ಧೂಳು, ಇಲಿಯ ಹಿಕ್ಕೆ ಬಳಿಯುವ ಹಕ್ಕು ಅಮ್ಮನದು. ಯುಗಾದಿಗೆ, ಮಳೆಗೆ ಮುಂಚೆ, ಗೌರಿಹಬ್ಬಕ್ಕೆ, ದೀಪಾವಳಿಗೆ. ಆ ಧೂಳು ಅಮ್ಮನ ಎದೆಗೆ ಆಗುವುದಿಲ್ಲ. ಬಳಿದ ಪ್ರತಿ ಸಲವೂ ಉಸಿರು ಸಿಳ್ಳೆ ಹಾಕತೊಡಗಿ, ಡಾಕ್ಟರು ಕೊಟ್ಟ ಪಂಪನ್ನು ಬಾಯಿಗಿಟ್ಟುಕೊಂಡು ವಾರಗಟ್ಟಲೆ ಗೋಡೆಗೆ ಒರಗಿ ನಿದ್ದೆ ಮಾಡುತ್ತಾಳೆ. ಆ ಸಿಳ್ಳೆಯೂ ನನಗೆ ಬರುತ್ತದೆ. ಯಾಕೆ ಬಿಡಬೇಕು.

ಕಳೆದ ಬೇಸಿಗೆಯ ಆ ಮೊದಲ ಮಳೆಗೆ ಅಟ್ಟದ ಮೇಲಿನ ಸೀಲಿಂಗಿನಲ್ಲಿ ಒದ್ದೆ ಮೂಡಿತು. ಮೇಸ್ತ್ರಿ ಬಂದು ನೋಡಿ, ಬಿರುಕನ್ನು ಒಳಗಿನಿಂದಲೂ ಮುಚ್ಚಬೇಕು, ಅಟ್ಟ ಖಾಲಿ ಮಾಡಿ ಎಂದು ಹೇಳಿ ಹೋದ. ಅಮ್ಮ ಅದನ್ನೇ ಕಾಯುತ್ತಿದ್ದಳು.

"ಖಾಲಿ ಅಂದ್ರೆ ಖಾಲಿ," ಎಂದಳು. "ಬಿರುಕು ಮುಚ್ಸಿ, ಸುಣ್ಣ ಹೊಡ್ಸಿ, ಆಮೇಲೆ ಒಂದ್ ಕಾಯಿ ಮೇಲಕ್ಕೆ ಹತ್ತಿದ್ರೂ ನಾನು ಊರ್ಡಿಗೆರೆಗೆ ನಮ್ಮಕ್ಕನ ಮನೆಗೆ ಹೋಗ್ತೀನಿ."

"ನಿಮ್ಮಕ್ಕನ್ ಮನೇಲೂ ಅಟ್ಟ ಐತೆ ಕಣೆ," ಎಂದರು ಅಪ್ಪ.

"ಅಲ್ಲಿ ಗುಡಿಸೋರು ಬೇರೆ ಇದಾರೆ." ಆಮೇಲೆ ನನ್ನ ಕಡೆ ತಿರುಗಿದಳು. "ನೀನ್ ಯಾರ್ ಕಡೆಯೋ?"

"ನಿನ್ ಕಡೆ ಕಣಮ್ಮ," ಎಂದೆ. ನನ್ನ ದನಿಯಲ್ಲೇ ಹೇಳಿದೆನೆಂದು ನೆನಪು.

ಹೀಗೆ ಮೂಗಿಗೆ ಟವೆಲ್ ಸುತ್ತಿಕೊಂಡು ಏಣಿ ಹತ್ತಿದೆ. ಅಪ್ಪನಿಗೆ ಮಂಡಿನೋವು, ಏಣಿ ಹಿಡಿದು ನಿಂತರು. ಅಟ್ಟದ ಅಂಚಿನಲ್ಲಿ ಕಾಯಿಗಳು ಶಾಲೆಯ ಪ್ರಾರ್ಥನೆಗೆ ನಿಂತಂತೆ ಸಾಲಾಗಿದ್ದವು. ಒಂದನ್ನು ಎತ್ತಿದೆ. ಹತ್ತಿಯ ಉಂಡೆಯಷ್ಟು ಹಗುರ. ತಿರುಗಿಸಿದರೆ ಗೋಡೆಯ ಕಡೆಯಿದ್ದ ಭಾಗದಲ್ಲಿ ಇಲಿ ಕೊರೆದ ದೊಡ್ಡ ತೂತು, ಒಳಗೆ ಗಾಳಿ. ಪಕ್ಕದ್ದೂ ಅಷ್ಟೇ. ಅದರ ಪಕ್ಕದ್ದೂ. ಸಾಲಿನ ಹಿಂದೆ ಬರೀ ನಾರಿನ ರಾಶಿ, ಇಲಿಗಳು ಉಂಡು ಮಲಗಿ ಎದ್ದುಹೋದ ಛತ್ರ. ಇಲಿಗೆ ಕಾಯಿ ಕೊರೆಯುವುದು ಗೊತ್ತು. ತೂತನ್ನೆಲ್ಲ ಗೋಡೆಗೆ ತಿರುಗಿಸಿ ಸಾಲು ಜೋಡಿಸುವುದು ಗೊತ್ತಿಲ್ಲ. ಕೆಳಗೆ ನೋಡಿದೆ. ಅಪ್ಪ ಗೋಡೆಯ ಕ್ಯಾಲೆಂಡರನ್ನು ಭಾರೀ ಆಸಕ್ತಿಯಿಂದ ಓದುತ್ತಿದ್ದರು.

"ಅಪ್ಪ, ಇದು..."

"ಗೊತ್ತು. ಮೆಲ್ಲಗ್ ಮಾತಾಡು. ದೀಪಾವಳೀಲೇ ನೋಡ್ದೆ," ಎಂದರು. "ಎಲ್ಲಾ ಚೀಲಕ್ಕೆ ತುಂಬ್ಸಿ ಇಳ್ಸು. ಮಾರ್ಬುಟ್ಟೆ ಅಂತೀನಿ."

ನಿಜ ಹೇಳಬೇಕೆಂದರೆ ಅದಕ್ಕಿಂತ ಒಳ್ಳೆಯ ತೀರ್ಮಾನ ನಮ್ಮ ಮನೆಯಲ್ಲಿ ಎಂದೂ ಆಗಿರಲಿಲ್ಲ. ಅಮ್ಮನಿಗೆ ಖಾಲಿ ಅಟ್ಟ, ಅಪ್ಪನಿಗೆ ಮಾನ, ಇಲಿಗಳಿಗೆ ಆಗಲೇ ಊಟವಾಗಿತ್ತು. ಆದರೆ ಅಷ್ಟರಲ್ಲಿ ಗೇಟಿನ ಹತ್ತಿರ ಕಾರು ನಿಂತಿತು. ಕುಣಿಗಲ್ ಮಾವ.

ಮಾವ ಎಂದರೆ ಅಪ್ಪನ ತಂಗಿಯ ಗಂಡ. ಹೊಸ ಪ್ರೆಶರ್ ವಾಷರ್ ಕೊಂಡಿದ್ದರು. ಅದನ್ನು ತೋರಿಸುವುದಕ್ಕೆ ಮನೆಯ ಹೊರಗೋಡೆ, ನಾಯಿಯ ಗೂಡು, ನಾಯಿ ಎಲ್ಲವನ್ನೂ ತೊಳೆದು ಮುಗಿಸಿ, ಈಗ ನಮ್ಮ ಟೆರೇಸನ್ನು ಉದ್ಧಾರ ಮಾಡಲು ಡಿಕ್ಕಿಯಲ್ಲಿ ಹೊತ್ತು ತಂದಿದ್ದರು. ಒಳಗೆ ಬಂದವರು ನಾನು ಅಟ್ಟದಲ್ಲಿರುವುದನ್ನು ನೋಡಿ ವಾಷರ್ ಮರೆತೇಬಿಟ್ಟರು.

"ಏನ್ ಭಾವ, ಇಳಿಸ್ತಾ ಇದೀಯ? ಕೊಬ್ಬರಿ ಆಗೈತಾ?"

"ಆಗೈತೆ, ಆಗೈತೆ," ಎಂದರು ಅಪ್ಪ, ಕ್ಯಾಲೆಂಡರಿಗೆ.

ಏಣಿ ಹತ್ತುವ ಮೈಯಲ್ಲ ಮಾವನದು. ಕುರ್ಚಿ ಎಳೆದು ಅಟ್ಟದ ಕೆಳಗೇ ಕೂತರು. "ಒಂದ್ ಅಲ್ಲಾಡ್ಸ್ಲಾ, ಕೇಳಣ."

ಕೊಬ್ಬರಿ ಆಗಿದೆಯೋ ಇಲ್ಲವೋ ಎಂದು ನಮ್ಮವರು ತಿಳಿಯುವುದು ಕಿವಿಯಿಂದ. ಅಲ್ಲಾಡಿಸಿದರೆ ಗಿಟಕು ಚಿಪ್ಪಿಗೆ ಬಡಿದು ಗುಡುಗುಡು ಎನ್ನಬೇಕು. ಮಾವ ಸಂಗೀತ ಕಛೇರಿಯ ಮುಂದಿನ ಸಾಲಿನವರ ಹಾಗೆ ಕಣ್ಣು ಮುಚ್ಚಿಕೊಂಡರು. ಏಣಿ ಹಿಡಿದ ಅಪ್ಪ ಇನ್ನೊಂದು ಕೈಯಿಂದ ಕ್ಯಾಲೆಂಡರಿನ ಮುಂದಿನ ತಿಂಗಳು ತಿರುವಿದರು. ಅಡುಗೆಮನೆಯ ಬಾಗಿಲಲ್ಲಿ ಸೆರಗನ್ನು ಮೂಗಿಗೆ ಹಿಡಿದು ಅಮ್ಮ ನನ್ನನ್ನೇ ನೋಡುತ್ತಿದ್ದಳು.

ನಾನು ಮಾಡಬೇಕಾದ್ದು ಏನೂ ಇರಲಿಲ್ಲ. ಟೊಳ್ಳು ಕಾಯಿ ಅಲ್ಲಾಡಿಸಿ ಸುಮ್ಮನಿದ್ದರೆ ಸಾಕಿತ್ತು. ಗುಟ್ಟು ಹೊರಬೀಳುತ್ತಿತ್ತು, ಗುಬ್ಬಿಯಿಂದ ಕುಣಿಗಲ್‌ವರೆಗೆ ಒಂದು ವರ್ಷ ನಗುತ್ತಿದ್ದರು, ಆ ಅಟ್ಟಕ್ಕೆ ಮತ್ತೆ ಕಾಯಿ ಏರುತ್ತಿರಲಿಲ್ಲ. ಆದರೆ ಸುಮ್ಮನಿರುವುದೊಂದನ್ನು ಬಿಟ್ಟು ಬೇರೆಲ್ಲ ದನಿಯೂ ನನಗೆ ಬರುತ್ತದೆ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾ, ಟವೆಲಿನೊಳಗೆ ನಾಲಿಗೆಯನ್ನು ಅಂಗುಳಕ್ಕೆ ಬಡಿದೆ. ಗುಡುಗುಡು.

"ಆಹಾ," ಎಂದರು ಮಾವ. "ಇನ್ನೊಂದು."

ಇನ್ನೊಂದಕ್ಕೆ ಸ್ವಲ್ಪ ಒಣಗಿದ ದನಿ ಕೊಟ್ಟೆ. ಅಪ್ಪ ಕ್ಯಾಲೆಂಡರ್ ಬಿಟ್ಟು ನನ್ನತ್ತ ನೋಡಿದರು. ಮೆಚ್ಚುಗೆ ಸಿಕ್ಕಿದ ಮೇಲೆ ಕಲಾವಿದನಿಗೆ ಬುದ್ಧಿ ನಿಲ್ಲುವುದಿಲ್ಲ. ಮೂರನೆಯದಕ್ಕೆ ತಳದಲ್ಲಿ ಚೂರು ನೀರಿನ ಗುಳುಗುಳು ಸೇರಿಸಿದೆ.

"ಅದನ್ನ ಇಡು, ಇನ್ನೂ ಹಸಿ," ಎಂದರು ಮಾವ ಕಣ್ಣು ಬಿಡದೆಯೇ. ಆ ಕಿವಿಯ ಬಗ್ಗೆ ಅವರಿಗಿದ್ದ ಹೆಮ್ಮೆಯೆಷ್ಟು, ಆ ನಾಲಿಗೆಯ ಬಗ್ಗೆ ನನಗಿದ್ದ ಹೆಮ್ಮೆಯೆಷ್ಟು. ಒಂದು ತೂತು ಕಾಯಿಯ ಎರಡು ಕಡೆ ಇಬ್ಬರು ಪಂಡಿತರು.

ಮಾವ ಕಣ್ಣು ತೆರೆದು ಅಪ್ಪನ ಬೆನ್ನು ತಟ್ಟಿದರು. "ಏನ್ ಅಟ್ಟ ಭಾವ ಇದು. ನಮ್ ಮನೇಲಿ ಹಾಕಿದ್ದೆಲ್ಲ ಕೊಳ್ತು ನಾರ್ತವೆ. ಇದನ್ನ ಖಾಲಿ ಬುಡ್ತೀಯಾ? ನಾಳೇನೇ ನಮ್ ಕಾಯಿ ಕಳಿಸ್ತೀನಿ."

ಒಂದು ನಿಮಿಷದ ಹಿಂದೆ ಗೋಡೆಯೊಳಗೆ ಹೋಗಿ ಸೇರಿಕೊಳ್ಳಲು ತಯಾರಿದ್ದ ಮನುಷ್ಯ ಈಗ ಎದೆ ಉಬ್ಬಿಸಿದರು. "ಅದಕ್ಕೇನ್ ಭಾವ, ನಿಂದೇ ಮನೆ. ಹಾಕು."

ಬಾಗಿಲಲ್ಲಿ ಅಮ್ಮ ಇರಲಿಲ್ಲ.

ಮಾವ ಟೆರೇಸಿನ ಬಣ್ಣವನ್ನೆಲ್ಲ ವಾಷರಿನಿಂದ ಕಿತ್ತು ಹಾಕಿ ಹೊರಟುಹೋದ ಮೇಲೆ ಅವಳು ಬಂದಳು. "ಎಲ್ಲಿ, ಇನ್ನೊಂದ್ ಸಲ ಮಾಡು."

"ಏನು?"

"ಆ ಶಬ್ದ. ಕಾಯಿ ಕೈಲಿ ಬೇಡ. ಟವೆಲ್ ತೆಗ್ದು ಮಾಡು."

ಮಾಡಿದೆ. ಅಮ್ಮ ನಗಲಿಲ್ಲ. ಚೀಲದಿಂದ ಒಂದು ಕಾಯಿ ತೆಗೆದು, ತೂತಿನೊಳಗೆ ಬೆರಳು ಹಾಕಿ ತಿರುಗಿಸಿ, ಅಪ್ಪನ ಕೈಗೆ ಕೊಟ್ಟಳು. "ಬರೀ ತೂತು, ಮೈಸೂರ್ ಪಾಕ್ ಇದ್ದಂಗೈತೆ, ತಿನ್ನಿ," ಎಂದಳು. ಆಮೇಲೆ ಪೊರಕೆ, ಮೊರ, ಒದ್ದೆಬಟ್ಟೆ ತಂದು ನನ್ನ ಮುಂದಿಟ್ಟಳು. "ಅಟ್ಟ ಗುಡ್ಸೋದು ಇವತ್ತಿಂದ ನೀನೇ. ಮೇಲಿಂದೂ ನೀನೇ, ಕೆಳಗೆ ಬಿದ್ದಿದ್ದೂ ನೀನೇ."

ಮಾರನೆಯ ದಿನ ಕುಣಿಗಲ್‌ನಿಂದ ಕಾಯಿ ತುಂಬಿದ ಲಗೇಜ್ ಆಟೋ ಬಂದಾಗ ಅಮ್ಮ ಗೇಟಿಗೆ ಬೀಗ ಹಾಕಿ ಒಳಗೆ ಕೂತಳು. ಮೇಸ್ತ್ರಿಯೊಬ್ಬನನ್ನೇ ಒಳಗೆ ಬಿಟ್ಟಳು. ಅವನು ಬಿರುಕು ಮುಚ್ಚಿ, ಸುಣ್ಣ ಒಣಗುವವರೆಗೆ ಕಾಯಿಗಳು ಬೀದಿಯಲ್ಲೇ ಇದ್ದವು, ಕಾವಲಿಗೆ ಅಪ್ಪ. ಮೇಷ್ಟ್ರು ತಮ್ಮ ಟೆರೇಸಿನಿಂದಲೇ, "ಎಡಕ್ಕೆ ಜೋಡ್ಸಿ, ಎಡಕ್ಕೆ" ಎಂದರು.

ಗುಡಿಸುವುದು ನಾನೇ ಎಂದು ಇನ್ನೊಮ್ಮೆ ನನ್ನ ಬಾಯಿಂದ ಹೇಳಿಸಿಕೊಂಡ ಮೇಲೆಯೇ ಅಮ್ಮ ಬೀಗ ತೆಗೆದದ್ದು. ಈಗ ಮಾವನ ಕಾಯಿ ನಮ್ಮ ಅಟ್ಟದಲ್ಲಿ ಒಣಗುತ್ತಿದೆ. ಗುಡಿಸುವ ದಿನ ಅಮ್ಮ ಬೆಳಿಗ್ಗೆಯೇ ಊರ್ಡಿಗೆರೆ ಬಸ್ಸು ಹತ್ತುತ್ತಾಳೆ. ಸಂಜೆ ಬಂದು ಮಂಚದ ಅಂಚಿಗೆ ಕೂತು, ಧೂಳು ಕುಡಿದು ಕೆಮ್ಮುತ್ತಿರುವ ನನ್ನನ್ನು ನೋಡುತ್ತಾಳೆ. ನನ್ನ ಎದೆಯಿಂದಲೂ ಈಗ ಸಣ್ಣಗೆ ಸಿಳ್ಳೆ ಬರುತ್ತದೆ. ಅಮ್ಮ ಅದನ್ನು ಕೇಳಿಸಿಕೊಂಡು, ತುಟಿ ಕೊಂಚ ಓರೆ ಮಾಡಿ, ಅಪ್ಪನ ಮುಂದೆ ಮಾಡಿ ತೋರಿಸುತ್ತಾಳೆ. ತಪ್ಪೇ ಇಲ್ಲದ ಹಾಗೆ ಮಾಡುತ್ತಾಳೆ.