ಚಕ್ರ ನೋಡಲು ಬಂದವರು

ಮಧುಗಿರಿ ದಾಟಿ ಐ.ಡಿ.ಹಳ್ಳಿ ಕಡೆಗೆ ಹೋಗುವಾಗ ಕೆರೆ ಏರಿಯ ಕೆಳಗೆ ಹಳೆಯ ಉಣ್ಣೆ ಮಿಲ್ಲೊಂದು ಸಿಕ್ಕಿತು. ಒಂದು ಕಾಲಕ್ಕೆ ತೂಬಿನ ನೀರು ಇದರ ಚಕ್ರ ತಿರುಗಿಸಿ ಕಂಬಳಿಯ ನೂಲು ತೆಗೆಯುತ್ತಿತ್ತಂತೆ. ಈಗ ಕೆರೆಯ ತುಂಬ ಬಳ್ಳಾರಿ ಜಾಲಿ. ಮಿಲ್ಲಿಗೆ ಮಾತ್ರ ಸುಣ್ಣ ಬಳಿದು, ನೋಡುವವರಿಗೆಂದು ಇಟ್ಟಿದ್ದಾರೆ.

ಒಳಗಿನ ಯಂತ್ರಗಳಿಗೆ ಜಿಡ್ಡು ಉಣ್ಣೆಯ ವಾಸನೆ ಇನ್ನೂ ಅಂಟಿಕೊಂಡಿದೆ. ಹಿಂದಕ್ಕೆ ಹೋದರೆ, ಚಕ್ರದ ಬುಡದ ತೊಟ್ಟಿಯ ಸುತ್ತ ಹೆಂಗಸರು ಖಾಲಿ ಕೊಡಗಳ ಜೊತೆ ಕೂತಿದ್ದರು. ನಮ್ಮನ್ನು ಕಂಡದ್ದೇ ತಡ, ಎಲ್ಲರೂ ಎದ್ದು ನಿಂತರು.

ವಾಚ್‌ಮನ್ ರಂಗಪ್ಪ ಮೋಟಾರು ಹಾಕಿದ. ಮಿಲ್ಲಿನದೇ ಬೋರಿನ ನೀರು ಮೇಲಿಂದ ಸುರಿದು ಚಕ್ರ ನರಳುತ್ತ ತಿರುಗಿತು. ನನ್ನ ಹೆಂಡತಿ ಫೋಟೊ ತೆಗೆದಳು. ಆ ಹೆಂಗಸರು ಚಕ್ರದ ಕಡೆ ನೋಡಲೇ ಇಲ್ಲ. ತೊಟ್ಟಿಗೆ ಬಿದ್ದ ನೀರನ್ನು ಗಡಿಬಿಡಿಯಿಂದ ಮೊಗೆಯತೊಡಗಿದರು.

"ಊರ ಬೋರು ಬತ್ತೋಗೈತೆ ಸಾ," ಎಂದ ರಂಗಪ್ಪ. "ಚಕ್ರ ತೋರ್ಸಕ್ಕೆ ಮಾತ್ರ ಮೋಟ್ರು ಹಾಕು ಅಂತ ನಂಗೆ ಆರ್ಡ್ರು. ಯಾರಾನಾ ನೋಡಕ್ ಬಂದ್ರೇನೆ ಇವ್ರಿಗೆ ನೀರು."

ಸ್ವಲ್ಪ ಹೊತ್ತಾದ ಮೇಲೆ ಅವನ ಕೈ ಸ್ವಿಚ್ಚಿನ ಹತ್ತಿರ ಹೋಯಿತು. "ನೋಡಿದ್ದಾಯ್ತಾ ಸಾ?"

"ಇನ್ನೂ ಇಲ್ಲಪ್ಪ," ಎಂದೆ. ಅವನು ಕೈ ಹಿಂದೆ ತೆಗೆದುಕೊಂಡ. ಕೊನೆಯ ಕೊಡ ತುಂಬುವವರೆಗೂ ನಾನೂ ಹೆಂಡತಿಯೂ ಚಕ್ರವನ್ನೇ ನೋಡುತ್ತ ನಿಂತೆವು.

ಹೊರಡುವಾಗ, ಹಿಂದೆ ಇದೇ ಮಿಲ್ಲಿನಲ್ಲಿ ಉಣ್ಣೆ ಹಿಂಜುತ್ತಿದ್ದ ಅಜ್ಜಿಯೊಬ್ಬಳು ಕೊಡ ಸೊಂಟಕ್ಕಿಟ್ಟುಕೊಂಡೇ ಕಾರಿನ ಹತ್ತಿರ ಬಂದಳು.

"ನಾಳಿಕ್ಕೆ ನಿಮ್ಮೂರೋರು ಯಾರಾನಾ ಬತ್ತಾರೇನಪ್ಪಾ?"