ಟವರ್ ಫುಲ್ ಇತ್ತು, ಫೋನ್ ಬರಲಿಲ್ಲ

ಕಳೆದ ಸೋಮವಾರ ಸಂಜೆ ನಾಲ್ಕೂವರೆ. ಕಾಲೇಜಿನಲ್ಲಿ ಪಾಠ ಮುಗಿಸಿ ಬೈಲಹೊಂಗಲದ ಬಜಾರಿನಲ್ಲಿ ಬದನೆಕಾಯಿ ಆರಿಸುತ್ತ ನಿಂತಿದ್ದೆ. ನಮ್ಮ ಓಣಿಯ ಗುರುಸಿದ್ದಪ್ಪ ಪಕ್ಕದಲ್ಲಿ ಬೈಕ್ ನಿಲ್ಲಿಸಿದರು. ಯರಗಟ್ಟಿಯಲ್ಲಿ ಕಾಳಿನ ವ್ಯಾಪಾರ ಮಾಡುವವರು, ಅಷ್ಟು ಹೊತ್ತಿಗೆ ಊರಿಗೆ ಬರುವವರಲ್ಲ. ನನ್ನ ಕೈಯಲ್ಲಿದ್ದ ಚೀಲ ನೋಡಿದರು, ಬದನೆಕಾಯಿ ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

“ಸರ್, ನೀವು ಇಲ್ಲೇ ಅದೀರಿ?”

ಇಲ್ಲದೆ ಮತ್ತೆಲ್ಲಿರಬೇಕಿತ್ತು? ನಾನು ನಕ್ಕೆ. ಅವರು ನಗಲಿಲ್ಲ.

“ಹೂಲ್ಯಾಗ ನಿಮ್ಮ ಹಾದಿ ನೋಡಿ ನೋಡಿ, ಎರಡೂವರಿಗೆ ಮಣ್ಣ ಮಾಡಿ ಬಂದ್ವಿರಿ.”

ಯಾರ ಮಣ್ಣು ಎಂದು ಕೇಳಬೇಕಾಗಲಿಲ್ಲ. ಹೂಲಿಯಲ್ಲಿ ನನಗಿರುವುದು ಒಂದೇ ಮನೆ. ಅಪ್ಪನ ತಂಗಿ, ನನ್ನ ಸೋದರತ್ತೆ ಗಂಗವ್ವ. ನನ್ನ ಅಪ್ಪ ಹೋದಮೇಲೆ ಆಕೆಗೆ ತವರು ಅಂತ ಉಳಿದವನು ನಾನೊಬ್ಬನೇ.

ಜೇಬಿನಿಂದ ಫೋನ್ ತೆಗೆದೆ. ಒಂದೂ ಮಿಸ್ಡ್ ಕಾಲ್ ಇಲ್ಲ. ಒಂದೂ ಮೆಸೇಜ್ ಇಲ್ಲ. ಟವರ್ ಮಾತ್ರ ಫುಲ್. ಗುರುಸಿದ್ದಪ್ಪ ತಮ್ಮ ಫೋನಿನಿಂದ ನನ್ನ ನಂಬರ್ ಒತ್ತಿ ಸ್ಪೀಕರ್ ಹಾಕಿದರು. ಅವರ ಎದುರಿಗೇ, ಗೇಣು ದೂರದಲ್ಲಿ, ದೀಪ ಹೊತ್ತಿಕೊಂಡು ಬೆಳಗುತ್ತಿದ್ದ ನನ್ನ ಫೋನನ್ನು ಒಬ್ಬ ಹೆಣ್ಣುಮಗಳು ಬಹಳ ನಯವಾಗಿ ‘ಸ್ವಿಚ್ ಆಫ್ ಆಗಿದೆ’ ಎಂದಳು.

ಆದದ್ದು ಇಷ್ಟು. ನನ್ನ ಫೋನ್ ಒಂದು ತಿಂಗಳಿನಿಂದ ದಿನಾ ಕೇಳುತ್ತಿತ್ತು: ಹೊಸ ಅಪ್‌ಡೇಟ್ ಬಂದಿದೆ, ಈಗ ಮಾಡಲೋ, ಆಮೇಲೆ ಮಾಡಲೋ? (ಬೇಡ ಅನ್ನಲು ಬಟನ್ನೇ ಇಲ್ಲ, ಗಮನಿಸಿದ್ದೀರಾ?) ಶನಿವಾರ ಮಧ್ಯಾಹ್ನ ಊಟ ಮುಗಿಸಿ ಅಡ್ಡಾದವನು, ಇದರ ಕಾಟ ಸಾಕು ಎಂದು ‘ಈಗಲೇ’ ಒತ್ತಿ ಕಣ್ಣು ಮುಚ್ಚಿದೆ. ಎದ್ದಾಗ ಫೋನ್ ಹೊಸ ಮದುಮಗನಂತೆ ಥಳಥಳ ಅನ್ನುತ್ತಿತ್ತು. ಅಕ್ಷರ ದುಂಡಗಾಗಿದ್ದವು. ಗಡಿಯಾರ ದೊಡ್ಡದಾಗಿತ್ತು. ನಿಮ್ಮ ಫೋನ್ ಈಗ ಇನ್ನಷ್ಟು ಚುರುಕಾಗಿದೆ ಎಂದು ಅದೇ ಬರೆದು ತೋರಿಸಿತು. ನಾನು ನಂಬಿದೆ.

ಬ್ಯಾಟರಿ ಮಾತ್ರ ಹಿಡಿದು ನಿಲ್ಲಲಿಲ್ಲ. ಭಾನುವಾರ ಬೆಳಿಗ್ಗೆ ನೂರಿದ್ದದ್ದು ಹತ್ತು ಗಂಟೆಗೆ ಮೂವತ್ತು. ಕೈಯಲ್ಲಿ ಹಿಡಿದರೆ ಬಿಸಿ ರೊಟ್ಟಿ. ‘ಬ್ಯಾಟರಿ ಸೇವರ್ ಹಾಕಲೇ?’ ಎಂದು ಅದೇ ಕೇಳಿತು, ಹಾಕು ಎಂದೆ. ಅಲ್ಲಿಗೆ ವಾಟ್ಸಾಪ್ ಕೂಡ ನಾನು ತೆರೆದು ನೋಡಿದರೆ ಮಾತ್ರ ಬಾಯಿ ಬಿಡುವಂತಾಯಿತು. ಮನೆಯಲ್ಲಿ ವೈಫೈ ಇದ್ದುದರಿಂದ ಸಿಮ್ ಸತ್ತದ್ದು ಗೊತ್ತಾಗಲೇ ಇಲ್ಲ. ಕಾಲೇಜಿನಲ್ಲಿ ನೆಟ್ ಬರುವುದಿಲ್ಲ, ಅದೇನು ಹೊಸದೇ?

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಯಾರ ಫೋನೂ ಬಾರದ ಆ ಎರಡು ದಿನ ನನಗೆ ಬಹಳ ಹಿತವಾಗಿತ್ತು. ಭಾನುವಾರ ಸಂಜೆ ಹೆಂಡತಿಯ ಹತ್ತಿರ ಹೇಳಿಯೂ ಹೇಳಿದೆ, ಇವತ್ತು ಒಬ್ಬರೂ ತಲೆ ತಿಂದಿಲ್ಲ ನೋಡು, ಎಷ್ಟು ಆರಾಮ ಅಂತ.

ಅತ್ತೆಗೆ ಮೈಯಲ್ಲಿ ಸರಿಯಿಲ್ಲ ಅನ್ನುವುದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಹದಿನೈದು ದಿನದ ಹಿಂದೆ ಸವದತ್ತಿಯ ಆಸ್ಪತ್ರೆಯಲ್ಲಿದ್ದಾಗ ಹೋಗಿ ನೋಡಿ ಬಂದಿದ್ದೆ. ಮನೆಗೆ ಕರೆದೊಯ್ದಿದ್ದಾರೆ ಅಂತಲೂ ತಿಳಿದಿತ್ತು. ಫೋನ್ ಬಂದಿಲ್ಲ, ಅಂದರೆ ಆರಾಮಿದ್ದಾಳೆ ಅಂದುಕೊಂಡೆ. ನಾವೆಲ್ಲ ಅಂದುಕೊಳ್ಳುವುದು ಹೀಗೆಯೇ ಅಲ್ಲವೇ? ಕೆಟ್ಟ ಸುದ್ದಿಯಿದ್ದರೆ ತಾನಾಗಿ ಬರುತ್ತದೆ, ಬಾರದಿದ್ದರೆ ಎಲ್ಲ ನೆಟ್ಟಗಿದೆ.

ಬದನೆಕಾಯಿ ಅಲ್ಲೇ ಬಿಟ್ಟು ಮನೆಗೆ ಓಡಿದೆ. ಹೊಸ್ತಿಲು ದಾಟಿ ವಾಟ್ಸಾಪ್ ತೆರೆದದ್ದೇ ತಡ, ವೈಫೈ ಹಿಡಿದು ಬೆಳಗಿನಿಂದ ತಡೆದಿಟ್ಟದ್ದನ್ನೆಲ್ಲ ಫೋನ್ ಒಮ್ಮೆಲೇ ಸುರಿಯಿತು. ಬೀಗರು ಬಿಜ್ಜರ ಗ್ರೂಪಿನಲ್ಲಿ ಅತ್ತೆಯ ಫೋಟೋ, ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಮಣ್ಣು ಹನ್ನೆರಡಕ್ಕೆ ಎಂಬ ಮೆಸೇಜು. ಅದಾದ ಮೇಲೆ ಅತ್ತೆಯ ಮಗನದು: ‘ಬೈಲಹೊಂಗಲದವರು ಎಲ್ಲಿದ್ದೀರಿ?’ ಮತ್ತೆ ಅದೇ. ಮತ್ತೊಮ್ಮೆ ಅದೇ.

ಹೆಂಡತಿ ಸುಮಾ ಆಗಷ್ಟೇ ಸಾಲೆಯಿಂದ ಬಂದಿದ್ದಳು. ಆಕೆ ಟೀಚರ್. ಆಕೆಯ ಫೋನ್ ದಿನವಿಡೀ ಚೆನ್ನಾಗಿಯೇ ಇತ್ತು, ಸಾಲೆಯಲ್ಲಿ ಟವರೂ ಇತ್ತು. ಆದರೆ ಆಕೆಗೆ ಯಾರು ಮಾಡಬೇಕು? ಹೂಲಿಯವರ ಫೋನುಗಳಲ್ಲಿ ‘ಬೈಲಹೊಂಗಲ ಮನಿ’ ಅಂತ ಇರುವುದು ನನ್ನ ನಂಬರ್. (ನಮ್ಮ ಕಡೆ ಮನೆಗೆ ಒಂದೇ ನಂಬರ್, ಅದು ಗಂಡಸಿನದು. ನಿಮ್ಮ ಫೋನಿನಲ್ಲಿ ನಿಮ್ಮ ಸೊಸೆಯಂದಿರ ತವರಿನ ಹೆಣ್ಣುಮಕ್ಕಳ ನಂಬರ್ ಎಷ್ಟಿವೆ, ನೋಡಿಕೊಳ್ಳಿ.) ಸುಮಾಳ ನಂಬರ್ ಇದ್ದದ್ದು ಒಬ್ಬರ ಹತ್ತಿರ ಮಾತ್ರ, ಅತ್ತೆಯ ಹತ್ತಿರ. ಆಕೆಯ ಬಟನ್ ಫೋನ್ ದಿಂಬಿನ ಕೆಳಗೇ ಇತ್ತಂತೆ.

ಸುಮಾ ಟ್ರಂಕು ತೆಗೆದು ಹಸಿರು ಸೀರೆ ಹೊರಗಿಟ್ಟಳು, ಒಂದು ಕುಪ್ಪಸದ ಖಣ ಇಟ್ಟಳು. ಇನ್ನು ಯಾಕೆ, ಎಲ್ಲ ಮುಗಿದಿದೆ ಎಂದೆ. “ಮುಗೀಲಿ. ಬರಿಗೈಲೆ ಹೆಂಗ ಹೋಗೂದು?” ಎಂದಳು.

ನಮ್ಮ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆ ಕಡೆಯ ಓದುಗರಿಗಾಗಿ ಹೇಳುತ್ತೇನೆ. ಮುತ್ತೈದೆ ತೀರಿಕೊಂಡರೆ ತವರಿನವರು ಸೀರೆ ತರಬೇಕು. ಆ ಸೀರೆ ಹೊದಿಸಿ, ಉಡಿ ತುಂಬಿ, ಅಂದರೆ ಮಡಿಲು ತುಂಬಿ, ಆಮೇಲೆಯೇ ಎತ್ತುವುದು. ಮದುವೆಯಾಗಿ ಹೋದವಳಿಗೆ ತವರು ಕೊಡುವ ಕೊನೆಯ ಉಡಿ ಅದು. ಹಬ್ಬಕ್ಕೆ ಕರೆಯದಿದ್ದರೂ ನಡೆದೀತು, ನಾಗರಪಂಚಮಿಗೆ ಉಂಡಿ ಕಳಿಸುವುದು ಮರೆತರೂ ಆಕೆ ನಾಲ್ಕು ದಿನ ಸಿಟ್ಟಾಗಿ ಸುಮ್ಮನಾದಾಳು. ಇದೊಂದು ತಪ್ಪಿದರೆ ಮತ್ತೆ ಕೊಡಲು ಆಕೆ ಇರುವುದಿಲ್ಲ.

ನಾವು ಹೂಲಿ ಮುಟ್ಟಿದಾಗ ಆರು ದಾಟಿತ್ತು. ನಮ್ಮ ಪದ್ಧತಿಯಂತೆ ಬೆಳಿಗ್ಗೆ ಆಕೆಯ ದೇಹವನ್ನು ಕೂಡಿಸಿದ್ದ ಗೋಡೆಯ ಹತ್ತಿರ ದೀಪ ಉರಿಯುತ್ತಿತ್ತು. ಹೆಣ್ಣುಮಕ್ಕಳು ನನ್ನನ್ನು ನೋಡಿ ಹೊಸದಾಗಿ ಅತ್ತರು. ಒಬ್ಬರಾದರೂ ಬೈಯಬಹುದಿತ್ತು. ಬೈದಿದ್ದರೆ ಹಗುರಾಗುತ್ತಿದ್ದೆ. ಮಾಮಾ, ಅಂದರೆ ಅತ್ತೆಯ ಗಂಡ, ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ಜಾಗ ಮಾಡಿ ಕೊಟ್ಟರು.

ನಾನು ಫೋನಿನ ಕತೆ ಹೇಳತೊಡಗಿದೆ. ಅಪ್‌ಡೇಟ್, ಬ್ಯಾಟರಿ, ಸಿಮ್ಮು. ಹೇಳುತ್ತ ಹೇಳುತ್ತ ನನಗೇ ನಾಚಿಕೆಯಾಯಿತು. ಹೆಂಡತಿಯನ್ನು ಮಣ್ಣು ಮಾಡಿ ಬಂದು ಕುಳಿತ ಮನುಷ್ಯನ ಮುಂದೆ ಸಾಫ್ಟ್‌ವೇರಿನ ಮಾತೇ? ಅವರು ತಲೆಯಾಡಿಸುತ್ತ ಎಲ್ಲ ಕೇಳಿಸಿಕೊಂಡರು, ಆಮೇಲೆ ಮೆಲ್ಲಗೆ ತಮ್ಮ ಕಡೆ ಆದದ್ದನ್ನು ಹೇಳಿದರು.

ಬೆಳಿಗ್ಗೆ ಏಳೂವರೆಗೆ ಆಕೆ ಹೋದದ್ದು. ಎಂಟಕ್ಕೆ ನನಗೆ ಫೋನ್ ಹಚ್ಚಿದ್ದಾರೆ. ಸ್ವಿಚ್ ಆಫ್. ಮಗ ಹಚ್ಚಿದ, ಬಂದವರೆಲ್ಲ ಹಚ್ಚಿದರು, ಯರಗಟ್ಟಿಯಿಂದ ಬಂದ ಗುರುಸಿದ್ದಪ್ಪನೂ ಹಚ್ಚಿದರು. ಹತ್ತು ಗಂಟೆಯ ಹೊತ್ತಿಗೆ ಮಗ ಬೈಕ್ ತೆಗೆದು ಬೈಲಹೊಂಗಲಕ್ಕೇ ಹೋಗಿ ಕರೆದುಕೊಂಡು ಬರುತ್ತೇನೆ ಎಂದಿದ್ದಾನೆ. ತಡೆದವರು ಮಾಮಾ. ಗ್ರೂಪಿನಲ್ಲಿ ಹಾಕಿದ್ದೇವೆ, ಅವನು ನೋಡಿರುತ್ತಾನೆ, ಹೊರಟಿರುತ್ತಾನೆ, ಹಾದಿಯಲ್ಲಿ ಟವರ್ ಸಿಗುವುದಿಲ್ಲ, ಅದಕ್ಕೇ ಹತ್ತುತ್ತಿಲ್ಲ ಅಂದರಂತೆ. ಗುರುಸಿದ್ದಪ್ಪ ತಮ್ಮ ಮನೆಗೆ ಫೋನ್ ಹಚ್ಚಿ ಕೇಳಿದರೆ ನಮ್ಮ ಮನೆಗೆ ಕೀಲಿ ಹಾಕಿತ್ತು, ಕೂತವರೆಲ್ಲ ಹೌದೆಂದರು. ಹನ್ನೆರಡಾಯಿತು, ಒಂದಾಯಿತು. ಪ್ರತಿ ಬಸ್ಸು ಬಂದಾಗ ಯಾರಾದರೊಬ್ಬರು ಎದ್ದು ಊರಬಾಗಿಲಿನ ಅಗಸಿಯವರೆಗೆ ಹೋಗಿ ನೋಡಿ ಬಂದರು. ಹಲಗೆಯವರು ಬಾರಿಸುವುದನ್ನು ಎರಡು ಸಲ ನಿಲ್ಲಿಸಿದರು.

ಎರಡು ಗಂಟೆಗೆ ಹಿರಿಯರು ಇನ್ನು ತಡೆಯಲಾಗದು ಎಂದರು. ಬಿಸಿಲು ಹಾಗಿತ್ತು. ತವರಿನ ಸೀರೆಯಿಲ್ಲದೆ ಎತ್ತುವುದು ಹೇಗೆ ಎಂದು ಹೆಣ್ಣುಮಕ್ಕಳು ಕೂತಲ್ಲಿಂದ ಏಳಲಿಲ್ಲ. ಆಗ ಹಿಂದೆ ನಿಂತಿದ್ದ ಅಂಗನವಾಡಿಯ ಶಾಂತಾ ಮುಂದೆ ಬಂದಳಂತೆ. ನಮ್ಮ ಪೈಕಿಯವಳಲ್ಲ, ನಮ್ಮ ಓಣಿಯವಳೂ ಅಲ್ಲ. ಬೈಲಹೊಂಗಲದಲ್ಲಿ ಹುಟ್ಟಿ ಹೂಲಿಗೆ ಕೊಟ್ಟ ಹೆಣ್ಣುಮಗಳು, ಅಷ್ಟೇ. ಅತ್ತೆಗೂ ಅವಳಿಗೂ ಇದ್ದ ನಂಟು ಅದೊಂದೇ.

“ನಾನೂ ಅದ ಊರಾಕಿ. ನಾ ತರತೇನಿ ಸೀರಿ,” ಅಂದಳಂತೆ.

ಮನೆಗೆ ಹೋಗಿ, ಉಡದೆ ಮಡಿಚಿಟ್ಟ ಸೀರೆ ತಂದು ಹೊದಿಸಿದ್ದಾಳೆ. ಉಡಿ ತುಂಬಿದ್ದಾಳೆ. ತವರಿನವನಾದ ನನ್ನ ಋಣವನ್ನು ನಾನು ಹೆಸರು ಕೂಡ ಕೇಳಿರದ ಒಬ್ಬಾಕೆ ತೀರಿಸಿ, ಕೈ ತೊಳೆದುಕೊಂಡು ಅಂಗನವಾಡಿಯ ಕೀಲಿ ಹಾಕಲು ಹೋಗಿದ್ದಾಳೆ.

ಮಾಮಾ ಇಷ್ಟು ಹೇಳಿ, ನನ್ನ ಮುಖ ನೋಡದೆ ಇನ್ನೊಂದು ಮಾತು ಹೇಳಿದರು.

“ನಿನ್ನೆ ದಿನಾ ಪೂರಾ ಕೇಳಿದ್ಲಪಾ, ಬೈಲಹೊಂಗಲದಿಂದ ಫೋನ್ ಬಂತೇನಂತ. ಕಡೀಕ ನಾನ ಸುಳ್ಳ ಹೇಳಿದೆ. ಬಂದಿತ್ತು, ನೀ ಮಲ್ಕೊಂಡಿದ್ದಿ, ಆರಾಮ ಅದಾಳೇನಂತ ಕೇಳಿದ ಅಂದೆ. ಆಮ್ಯಾಲ ಸುಮ್ಮ ಮಲ್ಕೊಂಡ್ಲು.”

ನಾನು ಅತ್ತುಬಿಟ್ಟೆ. ಐವತ್ತೆರಡು ವರ್ಷದ ಗಂಡಸು, ಆ ಕಟ್ಟೆಯ ಮೇಲೆ, ಹೋಗಿ ಬರುವವರ ಎದುರಿಗೆ. ಮಾಡದ ಫೋನಿನ ಪುಣ್ಯವನ್ನು ಆ ಮುದುಕ ನನ್ನ ಹೆಸರಿಗೆ ಬರೆದು ಕಳಿಸಿದ್ದರು.

ಹೊರಡುವ ಮೊದಲು ಶಾಂತಾಳ ಮನೆಗೆ ಹೋದೆವು. ಸುಮಾ ಹಸಿರು ಸೀರೆ ಮುಂದೆ ಹಿಡಿದಳು. ಶಾಂತಾ ಮುಟ್ಟಲಿಲ್ಲ. ಸಾವಿನ ಮನೆಯಿಂದ ಬಂದು ಕೊಡುವುದು ಬೇಡ, ಯಾವಾಗಲಾದರೂ ಬೈಲಹೊಂಗಲಕ್ಕೆ ಕರೆದು ಕೊಡಿ, ಅಲ್ಲಿ ನಮ್ಮವರು ಅಂತ ಈಗ ಯಾರೂ ಇಲ್ಲ ಎಂದಳು. ಸುಮಾ ಅವಳ ನಂಬರನ್ನು ತನ್ನ ಫೋನಿಗೆ ಹಾಕಿಕೊಂಡಳು, ತನ್ನದನ್ನು ಅವಳಿಗೆ ಕೊಟ್ಟಳು. ನನ್ನ ನಂಬರನ್ನು ಯಾರೂ ಕೇಳಲಿಲ್ಲ.

ಮರುದಿನ ಸಿಟ್ಟಿನಿಂದ ಮೊಬೈಲ್ ರಿಪೇರಿ ಅಂಗಡಿಗೆ ಹೋದೆ. ಯಾರನ್ನಾದರೂ ಹಿಡಿದು ಬೈಯಬೇಕಿತ್ತು. ಕಂಪನಿಯವರು ಸಿಗುವುದಿಲ್ಲ, ಅಂಗಡಿಯವನು ಸಿಗುತ್ತಾನೆ. ನಡು ವಯಸ್ಸಿನ ಸಮಾಧಾನಿ. ನನ್ನ ಕೂಗಾಟ ಮುಗಿಯುವವರೆಗೆ ಕಾದು ಫೋನ್ ಇಸಿದುಕೊಂಡ. ಅಪ್‌ಡೇಟ್ ಆದಮೇಲೆ ಕೆಲವು ಫೋನಿನಲ್ಲಿ ಹೀಗಾಗುತ್ತದೆ, ನೆಟ್‌ವರ್ಕ್ ಸೆಟ್ಟಿಂಗ್ ಒಮ್ಮೆ ರಿಸೆಟ್ ಮಾಡಬೇಕು, ಬ್ಯಾಟರಿಯೂ ಎರಡು ಮೂರು ದಿನ ಹೀಗೆ ಇಳಿದು ತಾನೇ ಸರಿಹೋಗುತ್ತದೆ ಎಂದ. ಏನೇನೋ ಒತ್ತಿದ, ಸಿಮ್ ತೆಗೆದು ಹಾಕಿದ, ಆಫ್ ಮಾಡಿ ಆನ್ ಮಾಡಿದ. ನಾಲ್ಕು ನಿಮಿಷ. ಅವನ ಫೋನಿನಿಂದ ಹಚ್ಚಿದ ಕಾಲ್ ನನ್ನ ಕೈಯಲ್ಲಿ ರಿಂಗಾಯಿತು.

ನನಗೆ ಅದನ್ನೂ ತಡೆಯಲಾಗಲಿಲ್ಲ. ಮೇಲೆ ಟವರ್ ಫುಲ್ ತೋರಿಸುತ್ತ ಒಳಗೆ ಸತ್ತು ಬಿದ್ದಿದ್ದರೆ ಮನುಷ್ಯನಿಗೆ ಹೇಗೆ ಗೊತ್ತಾಗಬೇಕು ಎಂದು ಜಗಳಕ್ಕೇ ನಿಂತೆ.

ಅವನು ವ್ಯಂಗ್ಯಕ್ಕೆ ಕೇಳಲಿಲ್ಲ. ನಿಜವಾಗಿ ಆಶ್ಚರ್ಯದಿಂದ ಕೇಳಿದ.

“ಮೂರ ದಿನದಾಗ ನೀವಾಗೇ ಒಬ್ಬರಿಗೂ ಫೋನ್ ಹಚ್ಚಲಿಲ್ಲೇನ್ರಿ?”