ಹೂಗ್ಯಂ ಬಸ್ಸು ನಿಂತ ಮೂರು ದಿನ

ಭಾವ ತೀರಿಕೊಂಡು ಎಂಟು ತಿಂಗಳಾಯಿತು. ನನ್ನ ಅಕ್ಕನ ಗಂಡ. ಹೂಗ್ಯಂನಿಂದ ಹನೂರಿನ ಮೇಲೆ ಕೊಳ್ಳೇಗಾಲಕ್ಕೆ ಹೋಗಿಬರುವ ಖಾಸಗಿ ಬಸ್ಸನ್ನು ಅವರು ಹದಿನಾರು ವರ್ಷ ಓಡಿಸಿದರು. ಅದರಲ್ಲಿ ಹನ್ನೊಂದು ವರ್ಷ ನಾನೇ ಅವರ ಕಂಡಕ್ಟರ್.

ಅವರ ಸೊಂಟದ ನೋವು ಯಾವಾಗ ಶುರುವಾಯಿತೋ ನನಗೆ ಗೊತ್ತಿಲ್ಲ. ಮೊದಮೊದಲು ಹನೂರಿನಲ್ಲಿ ಬಸ್ಸು ನಿಂತಾಗ ಇಳಿದು, ಅದರ ಮೂತಿಗೆ ಎರಡೂ ಕೈ ಒತ್ತಿ ಬಗ್ಗಿ ನಿಲ್ಲುತ್ತಿದ್ದರು. ಆಮೇಲೆ ಸೊಂಟಕ್ಕೆ ಟವೆಲ್ ಬಿಗಿಯಲು ಶುರುಮಾಡಿದರು. ದಿನಾ ಚೆಂಡುಹೂವಿನ ಪುಟ್ಟಿ ಹಾಕಿಕೊಂಡು ಹೋಗುವ ಹೆಂಗಸೊಬ್ಬಳು ಬೂರುಗದ ಹತ್ತಿ ತುಂಬಿ ದಿಂಬು ಹೊಲಿದು ತಂದು, ಅವರ ಬೆನ್ನ ಹಿಂದೆ ತಾನೇ ಇಟ್ಟಳು. "ನೀನು ನೆಟ್ಗಿದ್ರೆ ತಾನೆ ನನ್ ಊವು ಮಾರ್ಕೆಟ್ಟು ನೋಡದು" ಎಂದಳು. ಬಸ್ಸಿನವರೆಲ್ಲ ನಕ್ಕರು. ಆಗ ಅದು ತಮಾಷೆಯೇ.

ಒಂದು ಬೆಳಿಗ್ಗೆ ಭಾವನಿಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಡಾಕ್ಟರು ಮೂರು ವಾರ ಡ್ರೈವರ್ ಸೀಟಿನ ಕಡೆ ತಲೆ ಹಾಕಬೇಡಿ ಎಂದರು. ಮಾಲೀಕರು ಬದಲಿ ಡ್ರೈವರನ್ನು ಹುಡುಕಿದರು. ಕಾಡಂಚಿನ ಆ ರಸ್ತೆಗೆ ಯಾರೂ ಒಪ್ಪಲಿಲ್ಲ. ಬಸ್ಸು ನಿಂತಿತು.

ಒಬ್ಬರ ಸೊಂಟದ ಮೇಲೆ ಎಷ್ಟು ಜನರ ಅನ್ನ ಕೂತಿತ್ತೆಂದು ನಾನು ಕಂಡದ್ದು ಆ ಮೂರು ದಿನ. ಹೂವು ಜಗಲಿಯಲ್ಲೇ ಬಾಡಿತು. ಕೊಳ್ಳೇಗಾಲಕ್ಕೆ ಗಾರೆ ಕೆಲಸಕ್ಕೆ ಹೋಗುತ್ತಿದ್ದವರು ಎರಡು ದಿನ ಮನೆಯಲ್ಲಿ ಉಳಿದು, ಮೂರನೆಯ ದಿನ ಯಾರದೋ ಬೈಕು ಹಿಡಿದು ಹೋದರೆ ಮೇಸ್ತ್ರಿ ಬೇರೆಯವರನ್ನು ಹಾಕಿಕೊಂಡಿದ್ದ. ಒಬ್ಬ ಹುಡುಗಿಗೆ ಕಾಲೇಜಿನ ಪರೀಕ್ಷೆ ತಪ್ಪಿತು. ಭಾವನನ್ನು ಎತ್ತಿ ಕೂರಿಸಲು ಅಕ್ಕ ಕೂಲಿ ಬಿಟ್ಟಳು. ನಾನೂ ಸುಮ್ಮನೆ ಕೂತೆ.

ಮೂರನೆಯ ಸಂಜೆ ಊರಿನವರು ನೋಡಲು ಬಂದರು. ಕೆಟ್ಟವರಲ್ಲ, ಬಾಳೆಹಣ್ಣು ತಂದಿದ್ದರು. ಆದರೆ ಯಾರು ಏನು ಮಾತಾಡಿದರೂ, ಬಸ್ಸು ಎಂದು ಹೊರಡುತ್ತದೆ ಎಂಬಲ್ಲಿಗೇ ಬಂದು ನಿಲ್ಲುತ್ತಿತ್ತು. ಅವರು ಹೋದ ಮೇಲೆ ಭಾವ ಗೋಡೆಯ ಕಡೆ ತಿರುಗಿಕೊಂಡೇ ಹೇಳಿದರು.

"ಮೆಡಿಕಲ್‌ನಲ್ಲಿ ನೋವಿನ ಮಾತ್ರೆ ತಕಂಡು ಬಾ ಕಣ್ಲಾ. ನಾಳೆ ಗಾಡಿ ತಗೀತೀನಿ."

"ಡಾಕ್ಟ್ರು ಬ್ಯಾಡ ಅಂದವ್ರಲ್ಲ, ಭಾವ."

"ಡಾಕ್ಟ್ರು ಬಂದು ಬಸ್ ಓಡುಸ್ತಾರಾ?"

ನಾನೇ ತಂದುಕೊಟ್ಟೆ. ಅಂದು ಮಾತ್ರವಲ್ಲ, ಐದು ವರ್ಷ. ಹೊರಡುವಾಗ ಒಂದು, ಹನೂರಿನಲ್ಲಿ ಒಂದು. ಆಮೇಲಾಮೇಲೆ ಅಂಗಡಿಯವನು ನನ್ನ ಮುಖ ಕಂಡರೆ ಸಾಕು, ಮಾತ್ರೆ ತೆಗೆದಿಡುತ್ತಿದ್ದ. ಬಸ್ಸು ಮತ್ತೆ ನಿಲ್ಲಲಿಲ್ಲ. ಹೋದ ವರ್ಷ ಭಾವನ ಕಾಲು ಊದಿಕೊಂಡವು. ಮೈಸೂರಿನಲ್ಲಿ ಡಾಕ್ಟರು ಎರಡೂ ಕಿಡ್ನಿ ಹೋಗಿವೆ ಎಂದು ಹೇಳಿ, ನೋವಿನ ಮಾತ್ರೆ ಎಷ್ಟು ವರ್ಷದಿಂದ ನುಂಗುತ್ತಿದ್ದೀರಿ ಎಂದು ಕೇಳಿದರು. ಭಾವ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಮಾತ್ರೆ ತರುತ್ತಿದ್ದವನು ನಾನೆಂದು ಅಕ್ಕನಿಗೆ ಗೊತ್ತು. ಇವತ್ತಿಗೂ ಒಂದು ಮಾತು ಅಂದಿಲ್ಲ. ಭಾನುವಾರ ಊಟಕ್ಕೆ ಕರೆಯುತ್ತಾಳೆ.

ಈಗ ಯಳಂದೂರಿನ ಕಡೆಯ ಹುಡುಗನೊಬ್ಬ ಬಸ್ಸು ಓಡಿಸುತ್ತಾನೆ. ಸೀಟಿನಲ್ಲಿ ಅದೇ ದಿಂಬು. ಹೋದ ವಾರ ಸಂಜೆ ವಾಪಸು ಬರುವಾಗ ಹನೂರಿನಲ್ಲಿ ಇಳಿದು, ಬಸ್ಸಿನ ಮೂತಿಗೆ ಎರಡೂ ಕೈ ಒತ್ತಿ ಬಗ್ಗಿ ನಿಂತ. "ಯಾವುದಾದ್ರೂ ಮಾತ್ರೆ ತಂದ್ಕೊಡ್ತೀರಾ, ಸಾ?" ಎಂದು ಕೇಳಿದ.

ನಾನು ಅಂಗಡಿಗೆ ಹೋಗಲಿಲ್ಲ. ಬಸ್ಸು ಹತ್ತಿ, ಡ್ರೈವರಿಗೆ ಸೊಂಟ ಹಿಡಿದಿದೆ, ಇವತ್ತು ಹೇಗೋ ಊರು ಸೇರೋಣ, ನಾಳೆಯಿಂದ ಒಂದು ವಾರ ಬಸ್ಸಿಲ್ಲ ಎಂದು ಹೇಳಿದೆ. ಮಾಲೀಕರನ್ನು ಇನ್ನೂ ಕೇಳಿರಲಿಲ್ಲ. ದಿಂಬು ಹೊಲಿದಿದ್ದ ಹೆಂಗಸು ಖಾಲಿ ಪುಟ್ಟಿಗಳ ನಡುವೆ ಕೂತಿದ್ದಳು.

"ನಾಳೆನೇ ಊವು ಕೀಳ್ಬೇಕು ನಾನು" ಎಂದಳು.

ಟಿಕೆಟ್ ಹರಿದು ಕೊಟ್ಟೆ. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಪಕ್ಕದವಳ ಹತ್ತಿರ ಗೂಡ್ಸ್ ಆಟೋದವನ ನಂಬರು ಕೇಳತೊಡಗಿದಳು.